ಯಾವ ವರ್ಷದ ಘಾಜಿ?

ಕಳೆದ ವರ್ಷ ಒಂದು ಪ್ರದರ್ಶನದಲ್ಲಿ ‘ಪಿಎನ್‌ಎಸ್ ಘಾಜಿ, 1971’ ಎಂದು ಚೀಟಿ ಅಂಟಿಸಿದ್ದ ಪಾಕಿಸ್ತಾನಿ ಜಲಾಂತರ್ಗಾಮಿಯ ಮಾದರಿಯೊಂದನ್ನು ನೋಡಿದೆ. ಜೋಡಣೆಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಬಣ್ಣವೂ ನುಣುಪಾಗಿ ಕುಳಿತಿತ್ತು. ಆದರೆ ಡೆಕ್ಕಿನ ಮೇಲೆ ಫಿರಂಗಿ ಇತ್ತು. ಆ ಫಿರಂಗಿ ನನ್ನನ್ನು ಇವತ್ತಿಗೂ ಕಾಡುತ್ತಿದೆ.

ಘಾಜಿ ಮೊದಲು ಅಮೆರಿಕದ ‘ಡಯಾಬ್ಲೊ’ ಆಗಿತ್ತು. ಟೆಂಚ್ ವರ್ಗದ್ದು, ಕಟ್ಟಿದ್ದು ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ. 1944ರ ಡಿಸೆಂಬರಿನಲ್ಲಿ ನೀರಿಗಿಳಿದು 1945ರ ಮಾರ್ಚಿನಲ್ಲಿ ಸೇವೆಗೆ ಸೇರಿತು. ಆಗ ಫಿರಂಗಿ ಇದ್ದದ್ದು ನಿಜ. ಆದರೆ 1964ರಲ್ಲಿ ಪಾಕಿಸ್ತಾನದ ಕೈಸೇರುವ ಹೊತ್ತಿಗೆ ಅದರ ರೂಪವೇ ಬದಲಾಗಿತ್ತು. ಫಿರಂಗಿಗಳನ್ನು ಕಿತ್ತಿದ್ದರು, ನೀರಿನಡಿಯಲ್ಲಿದ್ದೇ ಡೀಸೆಲ್ ಎಂಜಿನ್‌ಗೆ ಗಾಳಿ ಎಳೆದುಕೊಳ್ಳುವ ಸ್ನಾರ್ಕೆಲ್ ಕೊಳವೆ ಜೋಡಿಸಿದ್ದರು, ಡೆಕ್ಕಿನ ನಡುವೆ ಎದ್ದು ನಿಂತಿದ್ದ ಕಟಕಟೆ ಕಂಬಿಗಳ ಹಳೆಯ ಗೋಪುರ ಹೋಗಿ ನೀರನ್ನು ಸೀಳಿಕೊಂಡು ಸಾಗುವ ನಯವಾದ ಗೋಪುರ ಬಂದಿತ್ತು. ಮಹಾಯುದ್ಧ ಮುಗಿದ ಮೇಲೆ ಜಲಾಂತರ್ಗಾಮಿಗಳು ನೀರಿನಡಿಯಲ್ಲೇ ಹೆಚ್ಚು ಹೊತ್ತು ಕಳೆಯಬೇಕಾಯಿತು. ಮೈಮೇಲೆ ಚಾಚಿಕೊಂಡದ್ದೆಲ್ಲ ವೇಗಕ್ಕೆ ಅಡ್ಡಿ, ಸದ್ದಿಗೆ ಕಾರಣ. ಅಂದಮೇಲೆ ಆ ಮಾದರಿಯಲ್ಲಿದ್ದದ್ದು 1945ರ ಡಯಾಬ್ಲೊ, ಚೀಟಿಯಲ್ಲಿದ್ದದ್ದು 1971ರ ಘಾಜಿ. ಮಾದರಿ ಮಾಡುವವರು ಕಿಟ್ ಬಿಚ್ಚುವ ಮೊದಲೇ ಯಾವ ವರ್ಷದ ಹಡಗು ಎಂದು ತೀರ್ಮಾನಿಸಲೇಬೇಕು ಎಂಬುದು ನನ್ನ ಹಟ.

ಈಗ ನನ್ನ ಮೇಜಿನ ಮೇಲಿರುವುದು ಮಹಾಯುದ್ಧ ಕಾಲದ ಅಮೆರಿಕದ ಗ್ಯಾಟೋ ವರ್ಗದ ಜಲಾಂತರ್ಗಾಮಿಯ ಕಿಟ್. ಅದನ್ನೇ ತಿದ್ದಿ 1971ರ ಘಾಜಿ ಮಾಡುತ್ತಿದ್ದೇನೆ. ಅಳತೆ 1:350. ಸುಮಾರು 95 ಮೀಟರಿನ ಹಡಗು ಇಲ್ಲಿ 27 ಸೆಂಟಿಮೀಟರ್. ಡೆಕ್ಕಿನ ಮೇಲೆ ನಿಲ್ಲಿಸುವ ಮನುಷ್ಯ ಕುಚ್ಚಲಕ್ಕಿಯ ಕಾಳಿಗಿಂತ ಗಿಡ್ಡ. ಗೋಪುರವನ್ನು ಗರಗಸದಿಂದ ಕೊಯ್ದು ತೆಗೆದು, ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಾಗಿಸಿ ಹೊಸತನ್ನು ಕಟ್ಟಲು ನನಗೆ ಎರಡು ಭಾನುವಾರ ಸಾಕಾಯಿತು. ಬೆವರಿಳಿಸಿದ್ದು ಪಕ್ಕದ ರಂಧ್ರಗಳು. ಹಡಗು ಮುಳುಗುವಾಗ ಹೊರಕವಚದೊಳಗೆ ಸಮುದ್ರ ನುಗ್ಗಬೇಕು, ಮೇಲೆದ್ದಾಗ ಆ ನೀರು ಸುರಿದು ಹೋಗಬೇಕು. ಅದಕ್ಕಾಗಿ ಪಕ್ಕದಲ್ಲಿ ಉದ್ದಕ್ಕೂ ರಂಧ್ರಗಳ ಸಾಲು. ಎಲೆಕ್ಟ್ರಿಕ್ ಬೋಟ್ ಕಂಪನಿ ಕಟ್ಟಿದ ಹಡಗುಗಳಲ್ಲಿ ಈ ಸಾಲು ಒಂದು ಬಗೆ, ಪೋರ್ಟ್ಸ್‌ಮತ್‌ನವುಗಳಲ್ಲಿ ಇನ್ನೊಂದು ಬಗೆ. ನನ್ನ ಕಿಟ್‌ನಲ್ಲಿದ್ದದ್ದು ಮೊದಲಿನದು. ಎಲ್ಲವನ್ನೂ ಪುಟ್ಟಿ ತುಂಬಿ ಮುಚ್ಚಿದೆ, ಉಜ್ಜಿದೆ, ಪೆನ್ಸಿಲ್ಲಿನಿಂದ ಹೊಸ ಸಾಲು ಗುರುತಿಸಿದೆ. ಒಳಬದಿಯಿಂದ ಪ್ಲಾಸ್ಟಿಕ್ಕನ್ನು ಕಾಗದದಷ್ಟು ತೆಳುವಾಗುವವರೆಗೆ ಕೆರೆದು, ಬೆರಳಲ್ಲಿ ತಿರುಗಿಸುವ ಕೈಬೈರಿಗೆಯಿಂದ ಒಂದೊಂದಾಗಿ ಕೊರೆದೆ. ಬೈರಿಗೆಯ ಮೊನೆ ಅರ್ಧ ಮಿಲಿಮೀಟರಿಗಿಂತ ಸಪುರ, ಉಸಿರು ತಪ್ಪಿದರೆ ಮುರಿಯುತ್ತದೆ. ನಾಲ್ಕು ಮುರಿದವು. ಕೊರೆದು ಮುಗಿದ ರಾತ್ರಿ ಒಳಗೊಂದು ಟಾರ್ಚ್ ಇಟ್ಟು ನೋಡಿದೆ. ಮೇಜಿನ ಮೇಲೆ ಬೆಳಕಿನ ಸಣ್ಣ ಸಣ್ಣ ಚುಕ್ಕೆಗಳು ಸಾಲುಗಟ್ಟಿ ಬಿದ್ದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಮೊನ್ನೆ ನೀರ್ಚಾಲಿನಿಂದ ಬಂದಿದ್ದ ದೊಡ್ಡಪ್ಪ ಇದನ್ನು ನೋಡಿ, “ಶತ್ರುವಿನ ಹಡಗಿಗೆ ಇಷ್ಟು ಚಾಕರಿ ಏಕೆ ಮಾರಾಯ?” ಎಂದು ಕೇಳಿದರು. ಅವರು ಯಕ್ಷಗಾನ ಆಟದ ಹುಚ್ಚಿನವರು. “ದೊಡ್ಡಪ್ಪ, ಚೌಕಿಯಲ್ಲಿ ಎಲ್ಲರಿಗಿಂತ ಮೊದಲು ಬಣ್ಣಕ್ಕೆ ಕೂರುವವರು ಯಾರು?” ಎಂದೆ. ಚೌಕಿ ಎಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ಅವರು ನಕ್ಕರು. ಯಕ್ಷಗಾನದ ದಕ್ಷಿಣದ ಶೈಲಿಯಾದ ನಮ್ಮ ತೆಂಕುತಿಟ್ಟಿನಲ್ಲಿ ರಾಕ್ಷಸನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಒಂದೊಂದೇ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ರಾಕ್ಷಸನಿಗೆ ಇಷ್ಟೇಕೆ ಎಂದು ಕುಂಬಳೆ ಸೀಮೆಯಲ್ಲಿ ಯಾರೂ ಕೇಳಿದ್ದಿಲ್ಲ. ಅದೇ ವೇಷಕ್ಕೆ ಉತ್ತರದ ಶೈಲಿಯಾದ ಬಡಗಿನ ಮುಂಡಾಸು ಕಟ್ಟಿ ರಂಗಕ್ಕೆ ಬಿಟ್ಟರೆ ಸಭೆ ಎದ್ದು ಹೋಗುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲಲಿ. 1971ರ ಡಿಸೆಂಬರ್ ಮೊದಲ ವಾರ ವಿಶಾಖಪಟ್ಟಣದ ಹೊರಗಡಲಿನಲ್ಲಿ ಘಾಜಿಯೊಂದಿಗೆ ಮುಳುಗಿದ 93 ಮಂದಿ ರಾಕ್ಷಸರಲ್ಲ, ಅಪ್ಪಣೆಯಂತೆ ಹೊರಟ ನಾವಿಕರು. ಅವರು ಕೊನೆಯದಾಗಿ ಹತ್ತಿದ ಹಡಗನ್ನೇ ನಾನು ಮಾಡಬೇಕು. ಇಪ್ಪತ್ತಾರು ವರ್ಷ ಹಿಂದಿನ ರೂಪ ಮಾಡಿ ಹೆಸರು ಮಾತ್ರ ಅಂಟಿಸುವುದು ನನ್ನ ಕೈಯಲ್ಲಾಗದು.

ಮುಂದಿನದು ನಮ್ಮದೇ ಕುರ್ಸುರಾ. ಸೋವಿಯತ್ ನಿರ್ಮಿತ ಫಾಕ್ಸ್‌ಟ್ರಾಟ್ ವರ್ಗದ ಜಲಾಂತರ್ಗಾಮಿ, 1969ರ ಡಿಸೆಂಬರಿನಿಂದ 2001ರ ಫೆಬ್ರವರಿಯವರೆಗೆ ಸೇವೆಯಲ್ಲಿತ್ತು, ಈಗ ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯ. ಸಮುದ್ರದಲ್ಲಿದ್ದಾಗ ತೆಗೆದ ಚಿತ್ರಗಳಲ್ಲಿ ಎಂದೂ ಕಾಣದ ಹೊಟ್ಟೆಯ ಭಾಗ, ಹಿಂದಿನ ಮೂರು ಪ್ರೊಪೆಲ್ಲರ್‌ಗಳು, ಎಲ್ಲವನ್ನೂ ಅಲ್ಲಿ ಕೆಳಗೆ ನಿಂತು ನೋಡಬಹುದು. ಆದರೆ ಕಂಡದ್ದನ್ನೆಲ್ಲ ನಕಲು ಮಾಡುವಂತಿಲ್ಲ. ಸಂದರ್ಶಕರಿಗಾಗಿ ಪಕ್ಕದಲ್ಲಿ ಬಾಗಿಲು ಕೊರೆದಿದ್ದಾರೆ, ಬಣ್ಣವೂ ಮತ್ತೆ ಮತ್ತೆ ಬಳಿದದ್ದು. ಕೆಳಭಾಗಕ್ಕೆ ವಸ್ತುಸಂಗ್ರಹಾಲಯ, ಮೇಲ್ಭಾಗಕ್ಕೆ ಸೇವೆಯ ಕಾಲದ ಕಪ್ಪುಬಿಳುಪು ಚಿತ್ರಗಳು ಎಂದು ಹಂಚಿಕೊಂಡಿದ್ದೇನೆ.

ಘಾಜಿಯ ಬಣ್ಣ ಇನ್ನೂ ಬಾಕಿ. ಆಟಿ ತಿಂಗಳ ಈ ಮಳೆಯ ತೇವದಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಅಡಿಕೆ ಒಣಗಿಸಲು ಅಂಗಳಕ್ಕೆ ಬಿಸಿಲು ಬೀಳುವ ದಿನ ಬರಲಿ. ಅಲ್ಲಿಯವರೆಗೆ ಅದು ಬೂದು ಪ್ಲಾಸ್ಟಿಕ್ ಮೈಯಲ್ಲೇ, ಫಿರಂಗಿ ಇಲ್ಲದೆ, ಕಪಾಟಿನಲ್ಲಿರುತ್ತದೆ.