ಉಣುಗಿನ ಜ್ವರ: ಇಲ್ಲಿನ ಲಸಿಕೆ, ನಮ್ಮೂರಿನ ಲಸಿಕೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನಾದ ನಾನು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನೆಲೆಸಿದ್ದೇನೆ. ಎರಡೂ ಕಾಡಿನ ಸೀಮೆಗಳು, ಎರಡೂ ಕಡೆ ಜನರಿಗೆ ಉಣುಗಿನ ಭಯವಿದೆ. ಇಲ್ಲಿನ ಉಣುಗು ಹರಡುವ, ಎಫ್‌ಎಸ್‌ಎಂಇ ಎಂದು ಕರೆಯುವ ಮಿದುಳಿನ ಉರಿಯೂತದ ವೈರಸ್ಸು ಮತ್ತು ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸು ಫ್ಲೇವಿವೈರಸ್ ಗುಂಪಿನ ಹತ್ತಿರದ ಸಂಬಂಧಿಗಳು. ಎರಡಕ್ಕೂ ನೇರವಾಗಿ ಕೆಲಸ ಮಾಡುವ ಔಷಧಿ ಇಲ್ಲ; ಜ್ವರ ಬಂದ ಮೇಲೆ ವೈದ್ಯರು ರೋಗಿಯನ್ನು ನೋಡಿಕೊಳ್ಳಬಲ್ಲರೇ ಹೊರತು ವೈರಸ್ಸನ್ನು ಕೊಲ್ಲಲಾರರು. ಹಾಗಾಗಿ ಎರಡೂ ಕಡೆ ಲಸಿಕೆಯ ಮಹತ್ವ ದೊಡ್ಡದು. ಆದರೆ ಇಲ್ಲಿ ಲಸಿಕೆ ಪ್ರತಿ ಬಡಾವಣೆಯ ವೈದ್ಯರ ಬಳಿಯೂ ಸಿಗುತ್ತದೆ; ನಮ್ಮಲ್ಲಿ ಇದ್ದ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.

ವಿಶೇಷವೆಂದರೆ ಎರಡೂ ಲಸಿಕೆಗಳ ಮೂಲ ವಿಧಾನ ಹೆಚ್ಚುಕಡಿಮೆ ಒಂದೇ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಅದನ್ನು ಚುಚ್ಚುಮದ್ದಾಗಿ ಕೊಡುವ ವಿಧಾನ ಅದು. ಸತ್ತ ವೈರಸ್ಸು ದೇಹದಲ್ಲಿ ಬೆಳೆಯಲಾರದು, ಆದರೆ ಅದರ ಹೊರಕವಚದ ಪ್ರೋಟೀನಿನ ಆಕಾರ ಉಳಿದಿರುತ್ತದೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿ-ಕೋಶಗಳಲ್ಲಿ ಆ ಆಕಾರಕ್ಕೆ ಹೊಂದುವಂಥವು ಆಯ್ಕೆಯಾಗಿ, ಸಂಖ್ಯೆಯಲ್ಲಿ ಹೆಚ್ಚಿ, ಪ್ರತಿಕಾಯಗಳನ್ನು ಸ್ರವಿಸುತ್ತವೆ. ಮುಂದೊಂದು ದಿನ ಉಣುಗು ಕಚ್ಚಿ ಜೀವಂತ ವೈರಸ್ಸು ಒಳಬಂದಾಗ, ಈ ಪ್ರತಿಕಾಯಗಳು ಅದರ ಕವಚಕ್ಕೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತವೆ. ನಿಷ್ಕ್ರಿಯ ವೈರಸ್ಸು ಕೊಡುವ ಪ್ರಚೋದನೆ ಸೌಮ್ಯವಾದುದರಿಂದ ಒಂದು ಡೋಸ್ ಸಾಲದು. ಪ್ರತಿ ಮರುಡೋಸಿನಲ್ಲಿ, ಹಿಂದಿನ ಡೋಸಿನಿಂದ ಉಳಿದುಕೊಂಡ ನೆನಪಿನ ಕೋಶಗಳು ಮತ್ತೆ ಎಚ್ಚೆತ್ತು, ಮೊದಲಿಗಿಂತ ಬಿಗಿಯಾಗಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಲಸಿಕೆಯಲ್ಲಿ ಸರಿಯಾದ ಆಕಾರದ ಪ್ರೋಟೀನು ಸಾಕಷ್ಟು ಇಲ್ಲದಿದ್ದರೆ ಎಷ್ಟು ಸಲ ಚುಚ್ಚಿಸಿಕೊಂಡರೂ ಪ್ರಯೋಜನ ಅಷ್ಟಕ್ಕಷ್ಟೇ. ಲಸಿಕೆಯ ಸಾಮರ್ಥ್ಯವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಎಫ್‌ಎಸ್‌ಎಂಇ ಲಸಿಕೆಯನ್ನು 1970ರ ದಶಕದಲ್ಲಿ ಆಸ್ಟ್ರಿಯಾದಲ್ಲಿ ರೂಪಿಸಿದರು, ನಂತರ ಅದನ್ನು ಶುದ್ಧೀಕರಿಸುತ್ತಲೇ ಬಂದರು. ಈಗ ಒಂದು ವರ್ಷದೊಳಗೆ ಮೂರು ಡೋಸ್ ಮುಗಿಸಿದರೆ ಮೊದಲ ಬೂಸ್ಟರ್ ಬೇಕಾಗುವುದು ಮೂರು ವರ್ಷದ ನಂತರ, ಆಮೇಲೆ ಬಹುಪಾಲು ವಯಸ್ಕರಿಗೆ ಐದು ವರ್ಷಕ್ಕೊಮ್ಮೆ. ನಮ್ಮಲ್ಲಿ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ರೋಗದ ಗುರುತು ಸಿಕ್ಕಿತು. ಅನಂತರ ಬಂದ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಮತ್ತೆ ಐದು ವರ್ಷ ಪ್ರತಿವರ್ಷ ಬೂಸ್ಟರ್ ಬೇಕಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು ಶೇ. 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಸುಮಾರು ಶೇ. 83ರಷ್ಟು ರಕ್ಷಣೆ ಕಂಡುಬಂದಿತ್ತು. ದಿನಗೂಲಿ ಬಿಟ್ಟು ಬಂದು, ತೋಳು ನೋಯಿಸಿಕೊಂಡು, ಅದೇ ಚುಚ್ಚುಮದ್ದನ್ನು ವರ್ಷ ವರ್ಷ ಹಾಕಿಸಿಕೊಳ್ಳಿ ಎಂದು ಕೂಲಿಕಾರರಿಗೆ ಹೇಳುವುದು ಸುಲಭ. ಹಲವರು ನಡುವೆ ಬಿಟ್ಟುಬಿಟ್ಟರು. ಅದನ್ನು ಹಳ್ಳಿಯವರ ಅಜ್ಞಾನವೆಂದು ಕರೆಯುವ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಇಲ್ಲಿನ ಓದಿದ ಜನರಿಗೆ ಪ್ರತಿವರ್ಷ ಅದೇ ಬೂಸ್ಟರ್ ಕಡ್ಡಾಯವಾಗಿದ್ದರೆ ಅವರಲ್ಲೂ ಅರ್ಧ ಜನ ನಡುವೆ ಬಿಟ್ಟುಬಿಡುತ್ತಿದ್ದರು ಎಂಬುದು ನನ್ನ ನಂಬಿಕೆ.

ಜರ್ಮನಿಯ ವ್ಯವಸ್ಥೆ ಸಂಪೂರ್ಣ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಸಾರ್ವಜನಿಕ ಆರೋಗ್ಯದ ಸರ್ಕಾರಿ ಸಂಸ್ಥೆಯಾದ ರಾಬರ್ಟ್ ಕಾಖ್ ಸಂಸ್ಥೆ ಯಾವ ಜಿಲ್ಲೆಗಳಲ್ಲಿ ಅಪಾಯವಿದೆ ಎಂಬ ನಕ್ಷೆಯನ್ನು ಪ್ರತಿವರ್ಷ ಪ್ರಕಟಿಸುತ್ತದೆ, ಅಪಾಯದ ಪ್ರದೇಶದವರ ಲಸಿಕೆಯ ಖರ್ಚನ್ನು ಆರೋಗ್ಯ ವಿಮೆ ಭರಿಸುತ್ತದೆ. ಆದರೂ ಲಸಿಕೆ ಹಾಕಿಸಿಕೊಂಡವರ ಪ್ರಮಾಣದಲ್ಲಿ ಜರ್ಮನಿ ಪಕ್ಕದ ಆಸ್ಟ್ರಿಯಾಕ್ಕಿಂತ ಬಹಳ ಹಿಂದಿದೆ. 1981ರಿಂದ ದೊಡ್ಡ ಅಭಿಯಾನ ನಡೆಸಿದ ಆಸ್ಟ್ರಿಯಾದಲ್ಲಿ ರೋಗ ಗಣನೀಯವಾಗಿ ಇಳಿಯಿತು. ಜರ್ಮನಿಯಲ್ಲಿ ಈಗಲೂ ವರ್ಷಕ್ಕೆ ನೂರಾರು ಜನ ಕಾಯಿಲೆ ಬೀಳುತ್ತಾರೆ. ಹಳದಿ ಲಸಿಕಾ ಪುಸ್ತಕವನ್ನು ತೆಗೆದು ನೋಡುವುದು ಇಲ್ಲಿ ಅವರವರ ಜವಾಬ್ದಾರಿ, ಮರೆತರೆ ಬಾಗಿಲು ತಟ್ಟುವವರಿಲ್ಲ. ನಮ್ಮಲ್ಲಿ ಆಶಾ ಕಾರ್ಯಕರ್ತೆ ಗುಡ್ಡ ಹತ್ತಿ ಮನೆಗೆ ಬರುತ್ತಾರೆ, ಮಗುವಿನ ಹೆಸರು ಹಿಡಿದು ಕೇಳುತ್ತಾರೆ, ಉಣುಗು ಅಂಟದಂತೆ ಹಚ್ಚಿಕೊಳ್ಳಲು ಡೀಪಾ ಎಣ್ಣೆಯನ್ನೂ ತಂದುಕೊಡುತ್ತಾರೆ. ಮನೆಮನೆಗೆ ತಲುಪುವ ಈ ಕ್ರಮ ಜರ್ಮನಿಯಲ್ಲಿ ಇಲ್ಲ, ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯ ಲಸಿಕೆ ಒಂದು ಕಡೆ, ಅದನ್ನು ಮನೆಗೆ ಮುಟ್ಟಿಸುವ ಒಳ್ಳೆಯ ಜನ ಇನ್ನೊಂದು ಕಡೆ ಉಳಿದಿರುವುದೇ ನನ್ನ ಕೊರಗು.

ಈ ರೋಗಗಳಲ್ಲಿ ಮತ್ತೊಂದು ಕಠಿಣ ಸತ್ಯವಿದೆ. ದಡಾರದಂತೆ ಇವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ವೈರಸ್ಸು ಉಣುಗು ಮತ್ತು ಕಾಡುಪ್ರಾಣಿಗಳ ನಡುವೆ ಸುತ್ತುತ್ತಿರುತ್ತದೆ. ಹಾಗಾಗಿ ಊರಿನ ತೊಂಬತ್ತು ಜನ ಲಸಿಕೆ ಪಡೆದರೂ ಉಳಿದ ಹತ್ತು ಜನರಿಗೆ ಅದರಿಂದ ಆಸರೆ ಸಿಗದು. ಯಾರ ರಕ್ತದಲ್ಲಿ ಪ್ರತಿಕಾಯವಿದೆಯೋ ಅವರಿಗಷ್ಟೇ ರಕ್ಷಣೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವ ಹೆಂಗಸಿಗೆ ಪ್ರತ್ಯೇಕವಾಗಿ, ಅವಳದೇ ದೇಹದಲ್ಲಿ, ಆ ಪ್ರತಿಕಾಯ ಇರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ ಎಂಬ ಸುದ್ದಿ ಸಂತೋಷದ್ದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವು ಕಂಡ ಸೀಮೆಗೆ ಇದು ಬೇಗ ಬರಲಿ. ಆದರೆ ಬಂದ ಮೇಲೆ ಅದರ ಪ್ರತಿಕಾಯಗಳು ಎಷ್ಟು ಕಾಲ ಉಳಿಯುತ್ತವೆ ಎಂಬುದನ್ನು ವರ್ಷ ವರ್ಷ ಅಳೆದು, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಬೂಸ್ಟರ್ ಹಾಕಿಸಿಕೊಳ್ಳುವ ದಿನಕ್ಕೆ ಕೂಲಿ ತುಂಬಿಕೊಡಬೇಕು. ಉಣುಗಿನ ಮರಿಗಳು ದರಗಿನಲ್ಲಿ ಏಳುವುದು ನವೆಂಬರ್-ಡಿಸೆಂಬರ್‌ನಿಂದ. ಎರಡನೆಯ ಡೋಸಿನ ನಂತರ ಪ್ರತಿಕಾಯಗಳು ಸಾಕಷ್ಟು ಏರಲು ಕೆಲವು ವಾರ ಹಿಡಿಯುವುದರಿಂದ, ಶಿಬಿರಗಳು ಚಳಿ ಬಂದ ಮೇಲಲ್ಲ, ಮಳೆ ಹೊಯ್ಯುತ್ತಿರುವ ಆಗಸ್ಟ್‌ನಲ್ಲೇ ಶುರುವಾಗಬೇಕು.