ಕೂರೋಕಲ್ಲ ಸ್ವಾಮಿ, ಮಾತಾಡೋಕೆ

ಹೊಸದಾಗಿ ಮದುವೆಯಾದ ಜೋಡಿ. ಹುಡುಗನ ಅಪ್ಪ ಅಮ್ಮ ಊಟಕ್ಕೆ ಬಂದಿದ್ದಾರೆ. ಅಪ್ಪ ಮಗ ಇಬ್ಬರೂ ಟಿವಿ ಮುಂದೆ ಫುಟ್‌ಬಾಲ್ ನೋಡುತ್ತಾ ಕೂತರು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಮೊದಲ ಸಲ ಎದುರುಬದುರಾದರು. ಏನು ಮಾತಾಡಬೇಕೋ ಇಬ್ಬರಿಗೂ ಗೊತ್ತಾಗುತ್ತಿಲ್ಲ. ಆ ಮುಜುಗರ ಕಳೆಯಲಿ, ಮಾತು ಶುರುವಾಗಲಿ ಅಂತ ಅಲ್ಲೊಂದು ನಿಂಬೆಹಣ್ಣು ಹಿಂಡುವ ಸಾಧನ ನಿಂತಿದೆ.

ಇದು ನಾನು ಕಟ್ಟಿದ ಕಥೆ ಅಲ್ಲ. ಆ ಸಾಧನವನ್ನು ಡಿಸೈನ್ ಮಾಡಿದ ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಕೊಟ್ಟ ವಿವರಣೆ ಹೆಚ್ಚುಕಮ್ಮಿ ಹೀಗೇ ಇದೆ. ನಿಂಬೆಹಣ್ಣು ಹಿಂಡುವುದು ಅದರ ಮುಖ್ಯ ಕೆಲಸ ಅಲ್ಲವಂತೆ. ಮಾತು ಹುಟ್ಟಿಸುವುದು ಮುಖ್ಯ.

ನಮ್ಮ ಕಡೆ ಅತ್ತೆ ಸೊಸೆ ಮಾತು ಶುರು ಮಾಡೋಕೆ ಸಾಧನ ಬೇಕು ಅಂದವರನ್ನು ನಾನಿನ್ನೂ ಕಂಡಿಲ್ಲ. ನಿಲ್ಲಿಸೋಕೆ ಏನಾದರೂ ಕಂಡುಹಿಡಿದರೆ ತಿಳಿಸಲಿ. ಮನೆಮನೆಯ ಗಂಡಸರು ಇಎಂಐ ಕಟ್ಟಿಯಾದರೂ ತರುತ್ತಾರೆ.

ಸಾಧನದ ಹೆಸರು ಜ್ಯೂಸಿ ಸಾಲಿಫ್. 1990ರಲ್ಲಿ ಇಟಲಿಯ ಅಲೆಸ್ಸಿ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದದ್ದು, ಎತ್ತರ 29 ಸೆಂಟಿಮೀಟರ್. ಮೂರು ಉದ್ದನೆಯ ಕಾಲು, ಮೇಲೊಂದು ಗೀರುಗೀರಾದ ತಲೆ. ನೋಡಿದವರೆಲ್ಲ ಜೇಡ ಅನ್ನುತ್ತಾರೆ. ಸ್ಟಾರ್ಕ್ ತಲೆಯಲ್ಲಿ ಇದ್ದದ್ದು ಸ್ಕ್ವಿಡ್ ಅನ್ನೋ ಕಡಲಜೀವಿ. ಇಟಲಿಯ ಕಪ್ರಾಯ ಅನ್ನೋ ದ್ವೀಪದಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಕೆಳಗಿನ ಕಾಗದದ ಮೇಲೆಯೇ ಗೀಚಿದ ಚಿತ್ರ ಅದು.

ಅರ್ಧ ನಿಂಬೆಹಣ್ಣನ್ನು ಆ ತಲೆಯ ಮೇಲೆ ಒತ್ತಿ ತಿರುಗಿಸಬೇಕು. ರಸ ಗೀರುಗಳ ಗುಂಟ ಇಳಿದು, ಕಾಲುಗಳ ನಡುವೆ ನಾವಿಟ್ಟ ಲೋಟಕ್ಕೆ ಬೀಳುತ್ತದೆ. ಹಿಂದೆಯೇ ಬೀಜವೂ ಬೀಳುತ್ತದೆ, ಯಾಕಂದರೆ ಸೋಸುವ ವ್ಯವಸ್ಥೆ ಇಲ್ಲ. ನಮ್ಮಮ್ಮಂದಿರು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವುದನ್ನು ನೋಡಿದ್ದೀರಲ್ಲ? ಒಂದು ಕೈ ಹಿಂಡುತ್ತದೆ, ಇನ್ನೊಂದು ಕೈ ಬೋಗುಣಿಯಾಗಿ ಕೆಳಗಿರುತ್ತದೆ. ರಸ ಬೆರಳ ಸಂದಿಯಿಂದ ಇಳಿದರೆ ಬೀಜ ಅಂಗೈಯಲ್ಲೇ ಉಳಿಯುತ್ತದೆ. ಈ ಡಿಸೈನಿಗೆ ಯಾರೂ ಸಹಿ ಹಾಕಿಲ್ಲ. ಹಾಗಾಗಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಸ್ಟಾರ್ಕ್ ಅವರ ಜೇಡಕ್ಕೆ ಜಾಗ ಸಿಕ್ಕಿದೆ, ಅಮ್ಮನ ಕೈಗೆ ಸಿಕ್ಕಿಲ್ಲ.

ಹತ್ತು ವರ್ಷ ತುಂಬಿದ ಖುಷಿಗೆ ಅದಕ್ಕೆ ಚಿನ್ನದ ಲೇಪ ಹಾಕಿದ ಆವೃತ್ತಿಯೂ ಬಂತು. ಜೊತೆಗೆ ಒಂದು ಸೂಚನೆ: ಇದರಲ್ಲಿ ಹಣ್ಣು ಹಿಂಡಬೇಡಿ, ಹುಳಿ ತಾಗಿದರೆ ಲೇಪ ಹಾಳಾಗುತ್ತದೆ. ಬಡ್ತಿ ಸಿಕ್ಕ ಅಧಿಕಾರಿ ಆಮೇಲೆ ಫೈಲ್ ಮುಟ್ಟದ ಹಾಗೆ, ಹಿಂಡುವ ಸಾಧನ ಹಿಂಡುವುದನ್ನು ಬಿಟ್ಟು ಷೋಕೇಸಿನಲ್ಲಿ ಕೂತಿತು.

ನೋಡೋಕೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಸ್ಟಾರ್ಕ್ ಸಾಧನಕ್ಕೆ ಕರೆಂಟಾದರೂ ಬೇಡ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂಸೆರೋ ಕಂಪನಿಯ ಜ್ಯೂಸ್ ಮೆಷಿನ್ ಬಂತು ನೋಡಿ, ಅದಕ್ಕೆ ಕರೆಂಟೂ ಬೇಕು, ವೈಫೈಯೂ ಬೇಕು. ಬೆಲೆ 699 ಡಾಲರ್, ಆಗಿನ ಲೆಕ್ಕದಲ್ಲಿ 46 ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟು ತಂದರೂ ನಿಮ್ಮ ಹಣ್ಣನ್ನು ಅದಕ್ಕೆ ಹಾಕುವಂತಿಲ್ಲ. ಕಂಪನಿಯೇ ಹಣ್ಣು ತರಕಾರಿ ಹೆಚ್ಚಿ ಚೀಲದಲ್ಲಿ ತುಂಬಿ ಕಳಿಸುತ್ತದೆ. ಚೀಲದ ಮೇಲೆ ಕ್ಯೂಆರ್ ಕೋಡ್. ಮೆಷಿನ್ ಆ ಕೋಡ್ ಓದಿ, ಇಂಟರ್‌ನೆಟ್‌ನಲ್ಲಿ ವಿಚಾರಿಸಿ, ತಾರೀಕು ಮೀರಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಹಿಂಡುತ್ತದೆ. ಮೀರಿದ್ದರೆ ಹಿಂಡಲ್ಲ. ಕರೆಂಟು ಹೋದರೆ ನಮ್ಮಲ್ಲಿ ಚಟ್ನಿ ನಿಲ್ಲುತ್ತದೆ. ವೈಫೈ ಹೋದರೆ ಜ್ಯೂಸು ನಿಲ್ಲುವ ಭಾಗ್ಯ ಅವರದು.

ಇದು ನಾಲ್ಕು ಟನ್ ಬಲ ಹಾಕಿ ಒತ್ತುತ್ತದೆ ಅಂತ ಹೇಳಿಕೊಂಡರು. ಹೂಡಿಕೆದಾರರು ಸುಮಾರು 12 ಕೋಟಿ ಡಾಲರ್ ಸುರಿದರು. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯವರು ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದರು. ರಸ ಬಂತು. ಮೆಷಿನ್ ಕೊಡುವಷ್ಟೇ ಹೆಚ್ಚುಕಮ್ಮಿ, ಮೆಷಿನ್‌ಗಿಂತ ಬೇಗ. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಹಸುವಿನ ಹಾಲು ಕರೆದು ಗೊತ್ತಿರುವ ಒಬ್ಬರನ್ನು ಮೊದಲೇ ಕೇಳಿದ್ದರೆ ಆ 12 ಕೋಟಿ ಉಳಿಯುತ್ತಿತ್ತು.

ಇನ್ನು ಕುರ್ಚಿ ಮೇಜಿನ ಕಡೆ ಬರೋಣ. ಇಲ್ಲಿ ಮಾತಿನ ಭಾರ ಇನ್ನೂ ಜಾಸ್ತಿ.

ನೆದರ್‌ಲೆಂಡ್ಸ್‌ನ ಮಾರ್ಟನ್ ಬಾಸ್ 2002ರಲ್ಲಿ, ಐಂಡ್‌ಹೋವನ್‌ನ ಡಿಸೈನ್ ಅಕಾಡೆಮಿಯ ವಿದ್ಯಾರ್ಥಿಯಾಗಿದ್ದಾಗ, ಒಂದು ಕೆಲಸ ಮಾಡಿದರು. ಚೆನ್ನಾಗಿದ್ದ ಮರದ ಕುರ್ಚಿಗೆ ಬೆಂಕಿ ಕೊಟ್ಟು ಸುಟ್ಟರು. ಪೂರ್ತಿ ಬೂದಿ ಆಗೋ ಮೊದಲು ನಿಲ್ಲಿಸಿ, ಕರಕಲು ಉದುರದಂತೆ ಮೇಲೆ ಎಪಾಕ್ಸಿ ಅನ್ನೋ ಅಂಟಿನ ಲೇಪ ಹಾಕಿದರು. ಹೆಸರು ‘ಸ್ಮೋಕ್’. ಮೋಯ್ ಅನ್ನೋ ಡಚ್ ಕಂಪನಿ ಅದನ್ನು ತಯಾರಿಸಿ ಮಾರಲು ಶುರು ಮಾಡಿತು. ನಮ್ಮ ಹಳೇ ಮನೆಗಳಲ್ಲಿ ಕಾಲು ಮುರಿದ ಕುರ್ಚಿ ನೇರ ಬಚ್ಚಲೊಲೆಗೆ ಹೋಗುತ್ತಿತ್ತು. ಐದು ನಿಮಿಷ ಮುಂಚೆ ಹೊರಗೆ ಎಳೆದಿದ್ದರೆ ನಾವೂ ಡಿಸೈನರ್ ಆಗುತ್ತಿದ್ದೆವು. ಆದರೆ ಸ್ನಾನ ತಣ್ಣೀರಲ್ಲಿ ಮಾಡಬೇಕಿತ್ತು.

ಅದೇ ಕಂಪನಿ 2006ರಲ್ಲಿ ಸ್ವೀಡನ್ನಿನ ಫ್ರಂಟ್ ತಂಡ ಮಾಡಿದ ಕುದುರೆ ದೀಪ ತಂದಿತು. ಕುದುರೆ ಚಿತ್ರ ಇರುವ ದೀಪ ಅಂದುಕೊಳ್ಳಬೇಡಿ. ನಿಜವಾದ ಕುದುರೆಯಷ್ಟೇ ದೊಡ್ಡ ಕಪ್ಪು ಕುದುರೆ, ತಲೆಯ ಮೇಲೊಂದು ಲ್ಯಾಂಪ್ ಶೇಡ್. ಬೆಂಗಳೂರಿನ ಟೂ ಬಿಎಚ್‌ಕೆಗೆ ಇದನ್ನು ತಂದರೆ ಒಂದೋ ಕುದುರೆ ಇರಬೇಕು, ಇಲ್ಲ ಮನೆಯವರು ಇರಬೇಕು. ಲಿಫ್ಟಿನಲ್ಲಿ ಬರುತ್ತದಾ ಅನ್ನೋದು ಆಮೇಲಿನ ಮಾತು. ಅದಕ್ಕೂ ಮೊದಲು, ಸಾಕುಪ್ರಾಣಿ ಇಡುವಂತಿಲ್ಲ ಅನ್ನುವ ಓನರ್‌ಗೆ ಏನು ಹೇಳುತ್ತೀರಿ?

ಬ್ರೆಜಿಲ್‌ನ ಕಂಪಾನಾ ಸಹೋದರರ ‘ಫವೇಲಾ’ ಕುರ್ಚಿಯದು ಬೇರೆಯೇ ಕಥೆ. ಅಲ್ಲಿನ ಕೊಳೆಗೇರಿಗಳನ್ನು ಫವೇಲಾ ಅನ್ನುತ್ತಾರೆ. ಸಿಕ್ಕ ಹಲಗೆ ಚೂರು ಜೋಡಿಸಿ ಗುಡಿಸಲು ಕಟ್ಟುವ ಅಲ್ಲಿನವರ ರೀತಿಯಲ್ಲೇ ಮರದ ಚೂರುಗಳಿಗೆ ಮೊಳೆ ಹೊಡೆದು, ಅಂಟು ಹಾಕಿ ಮಾಡಿದ ಕುರ್ಚಿ. ಯೋಚನೆ 1991ರದು, 2003ರಿಂದ ಇಟಲಿಯ ಎಡ್ರಾ ಕಂಪನಿ ತಯಾರಿಸುತ್ತಿದೆ. ಬೆಲೆ ಸಾವಿರಾರು ಡಾಲರ್. ಕೊಳೆಗೇರಿಯಲ್ಲಿ ಇರುವವರೊಬ್ಬರನ್ನು ಬಿಟ್ಟು ಯಾರು ಬೇಕಾದರೂ ಕೊಳ್ಳಬಹುದು.

ಮತ್ತೆ ಚಿಂದಿ ಕುರ್ಚಿ. ನೆದರ್‌ಲೆಂಡ್ಸ್‌ನ ತೇಯೋ ರೆಮಿ 1991ರಲ್ಲಿ ಮಾಡಿದ್ದು. ಹಳೇ ಬಟ್ಟೆಗಳನ್ನು ಪದರ ಪದರವಾಗಿ ಪೇರಿಸಿ, ಉಕ್ಕಿನ ಪಟ್ಟಿಯಲ್ಲಿ ಬಿಗಿದಿದ್ದಾರೆ. ಸುಮಾರು 15 ಚೀಲದ ಬಟ್ಟೆ ಹಿಡಿಯುತ್ತದೆ. ಹಳೆಯದನ್ನು ಎಸೆಯಬೇಡಿ ಅನ್ನುವ ಅವರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಳೇ ಬಟ್ಟೆಗೆ ಸಾವಿರಾರು ಯೂರೋ ಕೊಡುವವರು ಅದನ್ನು ಪಾಠ ಅಂತ ಕೊಳ್ಳುತ್ತಾರಾ?

ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಕತ್ತರಿಸಿ ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳೂ ಹೊಲಿಯುತ್ತಾರೆ. ವಾರಗಟ್ಟಲೆ ಕೂತು ಹಾಕಿದ ಹೊಲಿಗೆ ಅದು. ಕೊಳ್ಳೋಕೆ ಬಂದವರು ಮೊದಲು ಕೇಳೋದು, ‘ನೂರು ರೂಪಾಯಿ ಕಮ್ಮಿ ಆಗಲ್ವಾ?’ ಕೌದಿಯಲ್ಲಿ ಏನು ಕೊರತೆ? ಪಕ್ಕದಲ್ಲಿ ಒಂದು ಚೀಟಿ ಇಲ್ಲ, ಅಷ್ಟೇ. ಇರಲಿ, ನಾನೇ ಬರೆದು ಕೊಡುತ್ತೇನೆ:

‘ಕುಟುಂಬದ ದೈಹಿಕ ಸ್ಮೃತಿಗಳನ್ನು ಪದರೀಕರಿಸುವ ಈ ಕೃತಿಯು ನಿದ್ರೆ ಎಂಬ ಪರಿಕಲ್ಪನೆಯನ್ನೇ ಪ್ರಶ್ನಿಸುತ್ತದೆ. ಒಣಗಿಸಲು ಬಿಸಿಲಿನೊಡನೆ ಸಂವಾದಕ್ಕಿಡಿ.’

ಈ ಚೀಟಿ ಅಂಟಿಸಿ ಬೆಲೆಗೆ ಎರಡು ಸೊನ್ನೆ ಸೇರಿಸಿ ನೋಡಿ. ಆಗ ಯಾರೂ ಚೌಕಾಸಿ ಮಾಡಲ್ಲ. ಹೊದ್ದುಕೊಳ್ಳುವುದೂ ಇಲ್ಲ, ಗೋಡೆಗೆ ತೂಗು ಹಾಕುತ್ತಾರೆ.

ಕೇಳಿದರೆ ಉತ್ಪ್ರೇಕ್ಷೆ ಅನ್ನಿಸಬಹುದು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬರು ಹಗ್ಗ ಹೆಣೆದ ಮಂಚ ಮಾಡಿ 990 ಆಸ್ಟ್ರೇಲಿಯನ್ ಡಾಲರ್‌ಗೆ ಮಾರಾಟಕ್ಕಿಟ್ಟಿದ್ದರು. ಸುಮಾರು 50 ಸಾವಿರ ರೂಪಾಯಿ. ನಮ್ಮ ಧಾರವಾಡ, ಕಲಬುರಗಿ ಕಡೆ ಅಂಗಳದಲ್ಲಿ ಬಿಸಿಲಿಗೆ ಬಿದ್ದಿರುವ ಹೊರಸು ಅದೇ. ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ಒಣಗಲಿ, ಬೆಲೆ ಇನ್ನೂ ಏರಬಹುದು.

ಈ ಗಾಳಿ ಈಗ ನಮ್ಮ ಅಪಾರ್ಟ್‌ಮೆಂಟುಗಳಿಗೂ ಬೀಸಿದೆ. ಒರಳುಕಲ್ಲಿನಲ್ಲಿ ನೀರು ತುಂಬಿ ಹೂವು ತೇಲಿಬಿಟ್ಟಿದ್ದಾರೆ, ಇಡ್ಲಿ ಹಿಟ್ಟು ಮಾತ್ರ ಪ್ಯಾಕೆಟ್‌ನಲ್ಲಿ ಬರುತ್ತದೆ. ತಾಮ್ರದ ಹಂಡೆ ಹಾಲ್‌ನ ಮೂಲೆಯಲ್ಲಿ ಛತ್ರಿ ಕಾಯುತ್ತಿದೆ. ಸೋಫಾ ನೆಲದಿಂದ ಒಂದು ಗೇಣು ಎತ್ತರ, ಜಪಾನ್ ಶೈಲಿಯಂತೆ. ಊರಿಂದ ಬಂದ ದೊಡ್ಡಪ್ಪ ಅದರಲ್ಲಿ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಮಂಡಿ ನೋವು ಅಂತ ಅವರು ಕಿಟಕಿ ಪಕ್ಕದ ಕುರ್ಚಿ ಕಡೆ ಹೆಜ್ಜೆ ಹಾಕಿದರೆ ಸೊಸೆ ಓಡಿ ಬರುತ್ತಾಳೆ.

‘ದೊಡ್ಡಪ್ಪ, ಅದು ಕೂರೋಕಲ್ಲ. ಸ್ಟೇಟ್‌ಮೆಂಟ್ ಪೀಸ್.’

‘ಹಂಗಂದ್ರೇನವ್ವಾ?’

‘ಬಂದವರು ನೋಡಿ ಮಾತಾಡೋಕೆ.’

‘ನಾನು ಬಂದೋನೇ ಅಲ್ವಾ? ಕೂತ್ಕೊಂಡೇ ಮಾತಾಡ್ತೀನಿ ಬಿಡು.’

ಹೀಗೆ ಯಾವ ಮಾತೂ ಬೇಡದ ಕುರ್ಚಿ ಜಗತ್ತಿನಲ್ಲಿ ಒಂದೇ ಒಂದು. ನಮ್ಮ ನಿಮ್ಮ ಪ್ಲಾಸ್ಟಿಕ್ ಕುರ್ಚಿ. ಫ್ರಾನ್ಸಿನ ಆನ್ರಿ ಮಾಸೊನೆ 1972ರಲ್ಲಿ ಮಾಡಿದ ಕುರ್ಚಿ ಇವತ್ತಿನ ಕುರ್ಚಿಗಳಿಗೆಲ್ಲ ಮಾದರಿ. ಪ್ಲಾಸ್ಟಿಕ್ ಕರಗಿಸಿ ಒಂದೇ ಅಚ್ಚಿಗೆ ಹೊಡೆದರೆ ಎರಡು ನಿಮಿಷದೊಳಗೆ ಕುರ್ಚಿ ತಯಾರು. ಮೊಳೆ ಇಲ್ಲ, ಜೋಡಣೆ ಇಲ್ಲ, ಚೀಟಿಯೂ ಇಲ್ಲ. ಮಳೆಗೆ ನೆನೆಯುತ್ತದೆ, ಒಂದರ ಮೇಲೊಂದು ಪೇರಿಸಿದರೆ ಮೂಲೆಯಲ್ಲಿ ನಿಲ್ಲುತ್ತದೆ. ಮದುವೆ, ತಿಥಿ, ಗಣೇಶ, ಗ್ರಾಮಸಭೆ ಎಲ್ಲಕ್ಕೂ ಅದೇ. ಜಗಳ ಆದಾಗ ಎತ್ತಿ ಎಸೆಯೋಕೂ ಹಗುರ. ಇದರ ಮೇಲೆ ಕೂತವರು ಯಾವತ್ತೂ ಕುರ್ಚಿ ಬಗ್ಗೆ ಮಾತಾಡಿದ್ದಿಲ್ಲ. ಊಟ ಯಾವಾಗ ಅಂತ ಮಾತಾಡುತ್ತಾರೆ.

ಈ ಕುರ್ಚಿಯನ್ನು ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ನಗರದವರು ಊರಿನ ಅಂದ ಕೆಡುತ್ತದೆ ಅಂತ 2008ರಲ್ಲಿ ಬೀದಿಯಿಂದಲೇ ಹೊರಗೆ ಹಾಕಿದ್ದರು. ಆ ನಿಷೇಧ ತೆಗೆದದ್ದು 2017ರಲ್ಲಿ. ಅದೇ ವರ್ಷ ಬಾಸೆಲ್‌ಗೆ ತಾಗಿಕೊಂಡ ಗಡಿಯಾಚೆ, ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿರುವ ವಿಟ್ರಾ ಡಿಸೈನ್ ಮ್ಯೂಸಿಯಂ ಈ ಕುರ್ಚಿಯ ಮೇಲೇ ಒಂದು ಪ್ರದರ್ಶನ ನಡೆಸಿತು. ಬೀದಿಯಲ್ಲಿ ಪುಕ್ಕಟೆ ಕೂರೋಕೆ ಬಿಡದ ಕುರ್ಚಿ, ಮ್ಯೂಸಿಯಂನಲ್ಲಿ ಟಿಕೆಟ್ ತಗೊಂಡು ನೋಡೋಕೆ ಸಿಕ್ಕಿತು.

ಮುಂದಿನ ಸಲ ಇಂಥ ಪ್ರದರ್ಶನ ಮಾಡುವವರು ನಮ್ಮ ಬೀದಿಯ ಶಾಮಿಯಾನದವರನ್ನು ಕೇಳಬಹುದು. ಅವರ ಗೋಡೌನಿನಲ್ಲಿ ಬೇಕಾದಷ್ಟು ಮಾಲಿದೆ. ಕಳುವಾಗಬಾರದು ಅಂತ ಪ್ರತಿ ಕುರ್ಚಿಯ ಬೆನ್ನಿಗೂ ಅಂಗಡಿ ಹೆಸರು, ಫೋನ್ ನಂಬರು ಪೇಂಟಿನಲ್ಲಿ ಬರೆಸಿದ್ದಾರೆ. ಅದನ್ನು ಕಲಾವಿದರ ಸಹಿ ಅಂತ ತೋರಿಸಬಹುದು. ಕೆಲವು ಕುರ್ಚಿ ಸೀಳಿವೆ. ಸೀಳಿದ ಕಡೆ ತೂತು ಕೊರೆದು ತಂತಿಯಲ್ಲಿ ಹೊಲಿದಿದ್ದಾರೆ. ಅವನ್ನು ಲಿಮಿಟೆಡ್ ಎಡಿಷನ್ ಅಂತ ಬೇರೆ ಕೋಣೆಯಲ್ಲಿ ಇಡಬಹುದು. ಬಾಡಿಗೆ ದಿನದ ಲೆಕ್ಕ, ಅಡ್ವಾನ್ಸ್ ಮೊದಲೇ ಕೊಡಬೇಕು, ಲಾರಿ ಬಾಡಿಗೆ ಬೇರೆ.