ಸಂಚಿ ಯಾರ ಸೊಂಟದಲ್ಲಿದೆ?

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ, ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ಹಣ ತಪ್ಪಿ ಬೇರೆಯವರ ಖಾತೆಗೆ ಹೋದರೆ ವಾಪಸ್ ತರಿಸಬಹುದಲ್ಲವೇ?" ಎಂದು ಕೇಳಿದ. ಇಪ್ಪತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವಳು ನಾನು. ಯಾವ ಬ್ಯಾಂಕು, ಹೋಗಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬ್ಯಾಂಕಲ್ಲ ಚಿಕ್ಕಮ್ಮ, ಕ್ರಿಪ್ಟೊ" ಎಂದ.

ಮೂರು ವರ್ಷ ಸಂಬಳದಲ್ಲಿ ಉಳಿಸಿ ಕೊಂಡಿದ್ದ ಈಥರ್ ಎಂಬ ಕ್ರಿಪ್ಟೊ ನಾಣ್ಯ ಅದು. ಅಂದಿನ ಬೆಲೆಯಲ್ಲಿ ಮೂರು ಲಕ್ಷ ನಲವತ್ತು ಸಾವಿರ ರೂಪಾಯಿ. ಮೊಬೈಲಿನ ವಾಲೆಟ್‌ನಲ್ಲಿ ಒಂದು ವರ್ಗಾವಣೆ ನಡುವೆ ನಿಂತುಹೋಗಿತ್ತಂತೆ. ಟೆಲಿಗ್ರಾಂ ಗುಂಪಿನಲ್ಲಿ ಸಹಾಯ ಕೇಳಿದ. ಗ್ರಾಹಕ ಸೇವೆಯವನು ಎಂದು ಹೇಳಿಕೊಂಡು ಒಬ್ಬ ಬಂದು ಕೊಂಡಿ ಕಳುಹಿಸಿದ. ತೆರೆದರೆ ಅದೇ ಬಣ್ಣ, ಅದೇ ಲಾಂಛನ, ವಾಲೆಟ್‌ನ ಹನ್ನೆರಡು ಗುಪ್ತ ಪದ ತುಂಬಲು ಹನ್ನೆರಡು ಚೌಕ. ತುಂಬಿ ಮುಗಿಸಿದ ನಾಲ್ಕೇ ನಿಮಿಷಕ್ಕೆ ವಾಲೆಟ್ ಬರಿದಾಗಿತ್ತು.

ಮುಂದಿನ ಶನಿವಾರ ಸಾಗರಕ್ಕೆ ಬಂದಾಗ ಆ ಪದಗಳನ್ನು ಬರೆದಿಟ್ಟಿದ್ದ ಡೈರಿಯನ್ನೂ ತಂದಿದ್ದ. ಅಡಿಕೆ ಸೊಸೈಟಿಯವರು ಹೊಸ ವರ್ಷಕ್ಕೆ ಅವನ ಅಪ್ಪನಿಗೆ ಕೊಟ್ಟಿದ್ದ ಡೈರಿ. ಕೊನೆಯ ಪುಟದಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿ, ಒಂದೊಂದರ ಮುಂದೆ ಒಂದೊಂದು ಇಂಗ್ಲಿಷ್ ಪದ: ಆರೆಂಜ್, ಲ್ಯಾಡರ್, ರಿವರ್ ಎಂಬಂಥವು. ಒಂದು ಪದದ ಕಾಗುಣಿತ ತಪ್ಪಿ, ಹೊಡೆದು ಹಾಕಿ ಮತ್ತೆ ಬರೆದಿದ್ದ. ಎರಡನೆಯ ಇಯತ್ತೆಯ ಮಗುವಿನ ಪದಪಟ್ಟಿಯ ಹಾಗಿತ್ತು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಇಷ್ಟೇ. 2048 ಪದಗಳ ಒಂದು ನಿಗದಿತ ಪಟ್ಟಿಯಿಂದ ಹೆಕ್ಕಿದ ಹನ್ನೆರಡು ಪದಗಳು; ಅವು ಯಾರ ಬಳಿ ಇವೆಯೋ ಅವರೇ ಒಡೆಯರು. ಪಾಸ್‌ವರ್ಡ್ ಆದರೆ ಬದಲಿಸಬಹುದು, ಎಟಿಎಂ ಕಾರ್ಡ್ ಆದರೆ ತಡೆಹಿಡಿಸಬಹುದು. ಈ ಪದಗಳನ್ನು ಬದಲಿಸುವ, ತಡೆಯುವ ಅಧಿಕಾರಿ ಲೋಕದಲ್ಲಿ ಯಾರೂ ಇಲ್ಲ.

ಡೈರಿಯನ್ನು ಅವನು ಜೋಪಾನವಾಗಿಯೇ ಇಟ್ಟಿದ್ದ. ಆದರೆ ಅದರ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಂಡಿದ್ದ. ಮೊಬೈಲಿನ ಫೋಟೋಗಳು ತಾವಾಗಿ ಇಂಟರ್‌ನೆಟ್‌ನ ಯಾವುದೋ ಸಂಗ್ರಹಕ್ಕೆ ಸೇರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಡೈರಿ ಊರಿನಲ್ಲಿತ್ತು, ಆ ರಾತ್ರಿ ಫೋಟೋ ನೋಡಿಯೇ ಪದಗಳನ್ನು ತುಂಬಿದ. ಫೋಟೋ ಇಲ್ಲದಿದ್ದರೆ ಡೈರಿಗಾಗಿ ಊರಿಗೆ ಬರಬೇಕಾಗುತ್ತಿತ್ತು, ಬರುವಷ್ಟರಲ್ಲಿ ಬುದ್ಧಿ ತಿಳಿಯಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಈ "ವಾಲೆಟ್" ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ನಮ್ಮ ಅಜ್ಜಿಯ ಎಲೆಯಡಿಕೆ ಸಂಚಿಯ ಒಳಗೆ ಇನ್ನೊಂದು ಪುಟ್ಟ ಜೇಬಿತ್ತು. ಅದರಲ್ಲಿ ಮಡಿಸಿದ ನೋಟು, ಸುಣ್ಣದ ವಾಸನೆ. ಸಂಚಿ ಸದಾ ಅವಳ ಸೊಂಟದಲ್ಲೇ ಇರುತ್ತಿತ್ತು. ಹಣದ ಚೀಲ ಎಂದರೆ ನಮ್ಮ ಮನಸ್ಸಿಗೆ ಬರುವುದು ಅದು. ಆದರೆ ಕ್ರಿಪ್ಟೊ ವಾಲೆಟ್‌ನ ಒಳಗೆ ನಾಣ್ಯವೇ ಇಲ್ಲ. ನಾಣ್ಯ ಇರುವುದು ಎಲ್ಲರೂ ನೋಡಬಹುದಾದ ಒಂದು ಲೆಕ್ಕದ ಪುಸ್ತಕದಲ್ಲಿ. ವಾಲೆಟ್‌ನಲ್ಲಿರುವುದು ಆ ಲೆಕ್ಕವನ್ನು ಬದಲಿಸುವ ಕೀಲಿ ಮಾತ್ರ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕೀಲಿ ಯಾರ ಸೊಂಟದಲ್ಲಿದೆ?

ನಮ್ಮಲ್ಲಿ ಹೆಚ್ಚಿನವರು ಕ್ರಿಪ್ಟೊ ಕೊಳ್ಳುವುದು ವಿನಿಮಯ ಕೇಂದ್ರದ ಆ್ಯಪ್‌ನಲ್ಲಿ. ಕೊಂಡದ್ದನ್ನು ಅಲ್ಲೇ ಬಿಡುತ್ತಾರೆ. ಅಲ್ಲಿ ಕೀಲಿ ಕಂಪನಿಯ ಕೈಯಲ್ಲಿರುತ್ತದೆ. ಮಲೆನಾಡಿನವರಿಗೆ ಇದು ಮಂಡಿಯ ಉದಾಹರಣೆಯಿಂದ ಬೇಗ ಅರ್ಥವಾಗುತ್ತದೆ. ಬೆಲೆ ಏರಲಿ ಎಂದು ನಿಮ್ಮ ಅಡಿಕೆಯನ್ನು ಮಂಡಿಯಲ್ಲೇ ಬಿಟ್ಟು ಬರುತ್ತೀರಿ. ತೂಕ ಮಾಡಿ ಚೀಟಿ ಕೊಡುತ್ತಾರೆ. ಮನೆಗೆ ಬಂದು ಚೀಟಿ ನೋಡಿ "ನನ್ನ ಹತ್ತು ಕ್ವಿಂಟಲ್" ಎನ್ನುತ್ತೀರಿ. ಮಂಡಿ ನಡೆಯುತ್ತಿರುವವರೆಗೆ ಅದು ನಿಮ್ಮ ಅಡಿಕೆಯೇ. ಮಂಡಿಯವನು ದಿವಾಳಿ ಎದ್ದ ದಿನ ನಿಮ್ಮ ಕೈಯಲ್ಲಿರುವುದು ಚೀಟಿ, ನೀವು ನಿಲ್ಲುವುದು ಅವನಿಂದ ಬಾಕಿ ಬರಬೇಕಾದವರ ಸಾಲಿನಲ್ಲಿ. ಆ್ಯಪ್ ತೋರಿಸುವ ಅಂಕಿಯೂ ಅಂಥದೇ ಒಂದು ಚೀಟಿ.

2024ರ ಜುಲೈ 18ರಂದು ದೇಶದ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಒಂದಾದ ವಜೀರ್‌ಎಕ್ಸ್‌ನ ಒಂದೇ ವಾಲೆಟ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಕಳುವಾಯಿತು. ರೂಪಾಯಿಯಲ್ಲಿ ಎರಡು ಸಾವಿರ ಕೋಟಿಯ ಹತ್ತಿರ. ಆ ವಾಲೆಟ್‌ಗೆ ಆರು ಕೀಲಿಗಳಿದ್ದವು: ಐದು ಕಂಪನಿಯವರ ಕೈಯಲ್ಲಿ, ಒಂದು ಕಾವಲು ಸೇವೆ ಕೊಡುವ ಇನ್ನೊಂದು ಸಂಸ್ಥೆಯ ಬಳಿ. ಹಣ ಕದಲಬೇಕಾದರೆ ಕಂಪನಿಯ ಮೂವರು ಮತ್ತು ಆ ಸಂಸ್ಥೆ ಒಪ್ಪಿ ಸಹಿ ಹಾಕಬೇಕು. ಲಾಕರ್ ಕೋಣೆಯ ಜವಾಬ್ದಾರಿ ಹೊತ್ತಿದ್ದ ನನಗೆ ಈ ಏರ್ಪಾಟು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಎರಡು ಕೀಲಿ, ಅಲ್ಲಿ ನಾಲ್ಕು. ಹಾಗಿದ್ದೂ ಕಳುವಾದದ್ದು ಹೇಗೆ? ಪರದೆಯ ಮೇಲೆ ಕಂಡದ್ದು ಒಂದು, ನಿಜವಾಗಿ ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿ ಹೇಳಿತು. ತಪ್ಪು ಎಲ್ಲಿ ನಡೆಯಿತು ಎಂಬುದರ ಮೇಲೆ ಎರಡೂ ಸಂಸ್ಥೆಗಳು ಕಿತ್ತಾಡಿದವು. ಮುಂದಿನ ಜನವರಿಯಲ್ಲಿ ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿಕೆ ಕೊಟ್ಟು, ಇದು ಉತ್ತರ ಕೊರಿಯಾದವರ ಕೆಲಸ ಎಂದವು.

ಆ ಸಹಿಯ ವಿಷಯ ಓದಿದಾಗ ನನಗೆ ನೆನಪಾದದ್ದು ಹೆಬ್ಬೆಟ್ಟು. ಸಾಲದ ಕಾಗದಕ್ಕೆ ಓದು ಬಾರದ ರೈತರು ಹೆಬ್ಬೆಟ್ಟು ಒತ್ತುವ ಮೊದಲು ನಾವು ಒಕ್ಕಣೆಯನ್ನೆಲ್ಲ ಓದಿ ಹೇಳಬೇಕಿತ್ತು. "ಓದಿ ಹೇಳಿದ್ದೇನೆ, ತಿಳಿದು ಒತ್ತಿದ್ದಾರೆ" ಎಂದು ಕೆಳಗೆ ಬರೆದು ಸಹಿ ಮಾಡುತ್ತಿದ್ದೆವು. ಓದಿ ಹೇಳುವವನೇ ಸುಳ್ಳು ಓದಿದರೆ ಹೆಬ್ಬೆಟ್ಟಿಗೆ ಏನು ಗೊತ್ತಾಗಬೇಕು? 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿದೇಶಿ ವಿನಿಮಯ ಕೇಂದ್ರದಲ್ಲಿ ಇದೇ ನಡೆಯಿತು. ಸಹಿ ಹಾಕಿದವರ ಪರದೆ ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿತ್ತು, ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಹೋಯಿತು. ಅದು ಇಂಟರ್‌ನೆಟ್‌ಗೆ ಸದಾ ತೆರೆದಿಟ್ಟ ವಾಲೆಟ್ ಕೂಡ ಅಲ್ಲ, ಸುರಕ್ಷಿತ ಎನ್ನುವ ಕೋಲ್ಡ್ ವಾಲೆಟ್. ಕೋಟಿ ಕೋಟಿ ಕಾಯುವ, ಅದನ್ನೇ ವೃತ್ತಿ ಮಾಡಿಕೊಂಡ ಜನರೂ ಹೀಗೆ ಓದದೆ ಹೆಬ್ಬೆಟ್ಟು ಒತ್ತಿದ್ದಾರೆ. ನನ್ನ ಅಕ್ಕನ ಮಗನನ್ನು ದಡ್ಡ ಎಂದು ಬೈಯಲು ಅದಕ್ಕೇ ನನಗೆ ಬಾಯಿ ಬರಲಿಲ್ಲ.

ಕಳವಿಗಿಂತ ಆಮೇಲೆ ನಡೆದದ್ದು ನನ್ನನ್ನು ಹೆಚ್ಚು ಕಾಡಿತು. ವಜೀರ್‌ಎಕ್ಸ್‌ನ ಗ್ರಾಹಕರಿಗೆ ಕ್ರಿಪ್ಟೊ ತೆಗೆಯುವ ದಾರಿ ಮುಚ್ಚಿತು. ವ್ಯವಹಾರ ನಮ್ಮ ದೇಶದ್ದು, ಹಣ ನಮ್ಮವರದು, ಆದರೆ ಮಾತೃಸಂಸ್ಥೆ ಸಿಂಗಾಪುರದ್ದು. ಪ್ರಕರಣ ಅಲ್ಲಿನ ಹೈಕೋರ್ಟಿಗೆ ಹೋಯಿತು. ಶಿರಸಿಯಲ್ಲೋ ಬಳ್ಳಾರಿಯಲ್ಲೋ ಕುಳಿತು ಐವತ್ತು ಸಾವಿರ ಹಾಕಿದವನು ಸಿಂಗಾಪುರದ ಕೋರ್ಟಿನ ಕಾಗದಪತ್ರ ಓದಿ, ಹಣ ಹಿಂದಿರುಗಿಸುವ ಯೋಜನೆಗೆ ಮತ ಹಾಕಬೇಕಾಯಿತು. ವಿನಿಮಯ ಕೇಂದ್ರ ಮತ್ತೆ ತೆರೆದದ್ದು 2025ರ ಅಕ್ಟೋಬರ್ ಕೊನೆಯಲ್ಲಿ, ಹದಿನೈದು ತಿಂಗಳ ನಂತರ.

ಕಳುವಾದದ್ದು ಈಥರ್ ಓಡಾಡುವ ಈಥೀರಿಯಂ ಜಾಲದ ನಾಣ್ಯಗಳು. ಬೇರೆ ನಾಣ್ಯ ಇಟ್ಟಿದ್ದವರ ಪಾಲನ್ನು ಕಳ್ಳ ಮುಟ್ಟಿರಲಿಲ್ಲ, ಆದರೂ ಅದು ಸಿಕ್ಕಿಬಿತ್ತು. ಮಂಡಿಯಲ್ಲಿ ರಾಶಿ ಎಂಬ ಬಗೆಯ ಅಡಿಕೆ ಕಳುವಾದರೆ, ಬೆಟ್ಟೆ ಎಂಬ ಇನ್ನೊಂದು ಬಗೆ ಇಟ್ಟವನ ಕೋಣೆಗೂ ಬೀಗ ಬಿದ್ದ ಹಾಗೆ. ಎಕ್ಸ್‌ಆರ್‌ಪಿ ಎಂಬ ಅಂಥ ಬೇರೆ ನಾಣ್ಯ ಇಟ್ಟಿದ್ದ ಒಬ್ಬ ಗ್ರಾಹಕರು ಇದನ್ನೇ ಹಿಡಿದು ಮದ್ರಾಸ್ ಹೈಕೋರ್ಟಿಗೆ ಹೋದರು. ಕ್ರಿಪ್ಟೊ ಕೂಡ ಆಸ್ತಿಯೇ, ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದ ವಸ್ತುವೇ ಎಂದು ಆ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಇಷ್ಟನ್ನು ಹೇಳಿಸಿಕೊಳ್ಳಲು ಒಬ್ಬ ಗ್ರಾಹಕ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತಲ್ಲ.

ಎಲ್ಲ ಕಂಪನಿಗಳೂ ಒಂದೇ ಎಂದು ನಾನು ಹೇಳುವುದಿಲ್ಲ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ವಿನಿಮಯ ಕೇಂದ್ರದಿಂದ ಸುಮಾರು 4.4 ಕೋಟಿ ಡಾಲರ್ ಹೋದಾಗ, ಗ್ರಾಹಕರ ಹಣಕ್ಕೆ ಧಕ್ಕೆಯಿಲ್ಲ, ನಷ್ಟ ತನ್ನದೇ ಎಂದು ಕಂಪನಿ ಘೋಷಿಸಿತು. ಅದು ಆ ಕಂಪನಿಯ ಶಕ್ತಿ ಮತ್ತು ನಿರ್ಧಾರ. ನಿಮ್ಮ ಹಕ್ಕಲ್ಲ. ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗಿನ ಠೇವಣಿಗೆ ವಿಮೆಯಿದೆ. ಬ್ಯಾಂಕಿನ ಸಿಬ್ಬಂದಿಯ ವಂಚನೆಯಿಂದಲೋ ಕಳವಿನಿಂದಲೋ ಲಾಕರಿನ ಒಡವೆ ಹೋದರೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಕೊಡಬೇಕೆಂಬ ನಿಯಮವಿದೆ. ಕಡಿಮೆಯೇ ಇರಬಹುದು, ಆದರೆ ಬರವಣಿಗೆಯಲ್ಲಿದೆ. ಕ್ರಿಪ್ಟೊ ಇಟ್ಟವರಿಗೆ ಅಂಥ ಒಂದು ಸಾಲೂ ಇಲ್ಲ. ತೆರಿಗೆ ಮಾತ್ರ ಇದೆ: 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30, ಅದೇ ವರ್ಷದ ಜುಲೈನಿಂದ ವರ್ಗಾವಣೆಯ ಮೇಲೆ ಶೇ. 1 ಕಡಿತ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಿಕೊಳ್ಳುವಂತೆಯೂ ಇಲ್ಲ. ಜನರ ಗಳಿಕೆಯಲ್ಲಿ ಮೂರನೆಯ ಒಂದು ಪಾಲಿನ ಹತ್ತಿರ ಪಡೆಯುವ ಸರ್ಕಾರ, ಅವರ ಗಂಟನ್ನು ಕಾಯುವವರಿಗೆ ಒಂದು ಕಟ್ಟುನಿಟ್ಟಿನ ಕಾನೂನು ಮಾಡಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಕೀಲಿಯನ್ನು ನಾವೇ ಇಟ್ಟುಕೊಂಡರೆ ಆಯಿತಲ್ಲ ಎಂದು ಕೇಳುತ್ತೀರಿ. ದೊಡ್ಡ ಮೊತ್ತವಾದರೆ ಹೌದು, ಅದೇ ಸರಿ ಎಂದು ನಾನೂ ಹೇಳುತ್ತೇನೆ. ಪೆನ್‌ಡ್ರೈವ್‌ನಷ್ಟು ಪುಟ್ಟ ಹಾರ್ಡ್‌ವೇರ್ ವಾಲೆಟ್‌ಗಳು ಸಿಗುತ್ತವೆ, ಕೀಲಿ ಅದರೊಳಗಿಂದ ಹೊರಗೆ ಬರುವುದಿಲ್ಲ. ವಾರದ ವ್ಯವಹಾರಕ್ಕೆ ಬೇಕಾದಷ್ಟು ಮಾತ್ರ ಆ್ಯಪ್‌ನಲ್ಲಿರಲಿ. ಆದರೆ ಕೀಲಿ ನಮ್ಮದಾದರೆ ಕಳೆದುಕೊಳ್ಳುವ ಭಾರವೂ ನಮ್ಮದೇ. ಬ್ರಿಟನ್ನಿನ ವೇಲ್ಸ್‌ನಲ್ಲಿ ಒಬ್ಬರು 2013ರಲ್ಲಿ ಕಸಕ್ಕೆ ಹೋದ ಹಾರ್ಡ್ ಡಿಸ್ಕ್‌ಗಾಗಿ ವರ್ಷಗಟ್ಟಲೆ ಹೋರಾಡಿದರು. ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿತ್ತು. ಕಸದ ಗುಡ್ಡ ಅಗೆಯಲು ನಗರಸಭೆ ಬಿಡಲಿಲ್ಲ, ಕೋರ್ಟೂ ಕೈಬಿಟ್ಟಿತು.

ನನಗೆ ಅದಕ್ಕಿಂತ ಹೆಚ್ಚು ಚಿಂತೆ ಮನೆಯವರದು. ಗಂಡ ತೀರಿಕೊಂಡ ಮೇಲೆ ಬ್ಯಾಂಕಿಗೆ ಬರುವ ಹೆಂಗಸರನ್ನು ಎಷ್ಟು ವರ್ಷ ನೋಡಿದ್ದೇನೆ! ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕ ಸಿಕ್ಕ ಕಾಗದವನ್ನೆಲ್ಲ ತಂದು ಮೇಜಿನ ಮೇಲೆ ಹರಡುತ್ತಿದ್ದರು: ಕರೆಂಟ್ ಬಿಲ್ಲು, ಎಲ್‌ಐಸಿ ರಸೀದಿ, ಪಡಿತರ ಚೀಟಿ. ನಡುವೆ ಎಲ್ಲೋ ಹಳೆಯ ಪಾಸ್‌ಬುಕ್ ಸಿಗುತ್ತಿತ್ತು. ಆ ಒಂದು ಪಾಸ್‌ಬುಕ್ ಸಾಕು, ಮುಂದಿನದನ್ನು ನಾವು ಮಾಡುತ್ತಿದ್ದೆವು. ಮೊಬೈಲಿನ ವಾಲೆಟ್‌ಗೆ ಪಾಸ್‌ಬುಕ್ ಇಲ್ಲ, ನಾಮಿನಿ ಇಲ್ಲ, ಹೋಗಿ ಅಳಲು ಶಾಖೆಯೂ ಇಲ್ಲ. ಇದನ್ನು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಬಳಿ ಇಂಥದೇನಾದರೂ ಇದ್ದರೆ ಅದು ಇದೆ ಎಂಬುದನ್ನಾದರೂ ಇಂದೇ ಮನೆಯಲ್ಲಿ ಒಬ್ಬರಿಗೆ ಹೇಳಿ.

ಅಕ್ಕನ ಮಗನ ಹಣ ಬರಲಿಲ್ಲ. ಆ ರಾತ್ರಿಯೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ದೂರು ದಾಖಲಾಯಿತು. ಬ್ಯಾಂಕಿನ ಖಾತೆಗೆ ಹೋಗಿದ್ದರೆ ತಡೆಹಿಡಿಯಲು ದಾರಿಯಿತ್ತು. ಕಳ್ಳನ ವಿಳಾಸ ಈಗಲೂ ಎಲ್ಲರಿಗೂ ಕಾಣುತ್ತದೆ, ನಲವತ್ತೆರಡು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಮೊದಲ ವಾರ ಈಥರ್ ಅಲ್ಲೇ ಕೂತಿತ್ತು. ಹುಡುಗ ದಿನಕ್ಕೆ ಹತ್ತು ಸಲ ಆ ಪುಟ ತೆರೆದು ನೋಡುತ್ತಿದ್ದ. ಎಂಟನೆಯ ದಿನ ಅದು ಚೂರುಚೂರಾಗಿ ಬೇರೆ ಬೇರೆ ಕಡೆ ಹೋಯಿತು. ಆಮೇಲೆ ನೋಡುವುದನ್ನು ಬಿಟ್ಟ.

ಈ ದೀಪಾವಳಿಗೆ ಬಂದವನು ಹೊಸ ಹಾರ್ಡ್‌ವೇರ್ ವಾಲೆಟ್ ಒಂದನ್ನು ತೋರಿಸಿದ. ಮತ್ತೆ ಸ್ವಲ್ಪ ಕೊಂಡಿದ್ದಾನೆ. ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ, ಅವನ ದುಡಿಮೆ ಅವನದು. ಈ ಸಲ ಪದಗಳನ್ನು ಕಾಗದದ ಮೇಲೆ ಮಾತ್ರ ಬರೆದಿದ್ದ. ಅದನ್ನು ನನ್ನ ಲಾಕರಿನಲ್ಲಿ ಇಡುತ್ತೀರಾ ಎಂದು ಕೇಳಿ, ಮಡಿಸಿದ ಹಾಳೆಯನ್ನು ಬಿಚ್ಚಲು ಹೋದ. ಅವನ ಕೈ ಹಿಡಿದು ನಿಲ್ಲಿಸಿ, ಮೊದಲು ಲಕೋಟೆಗೆ ಹಾಕಿ ಅಂಟಿಸು, ಅಂಟಿಸಿದ ಜಾಗದ ಮೇಲೆ ನಿನ್ನ ಸಹಿ ಮಾಡು, ಆಮೇಲೆ ಕೊಡು ಎಂದೆ.